ಒಂದು ಬಾಟಲಿ ಹಾಲು, ಮೂರು ಸಲ ಇಳಿದ ವಿಮಾನ

ಉಡುಪಿಯಲ್ಲಿ ನನ್ನದೊಂದು ಟಿಕೆಟ್ ಬುಕಿಂಗ್ ಅಂಗಡಿ. ಹತ್ತೊಂಬತ್ತು ವರ್ಷವಾಯಿತು. ಬಸ್ಸು, ರೈಲು, ವಿಮಾನ ಎಲ್ಲ ಮಾಡುತ್ತೇನೆ. ಆದರೆ ಅಂಗಡಿಯ ಬಾಡಿಗೆ ಹುಟ್ಟುವುದು ಗಲ್ಫಿನವರಿಂದ. ಅಲ್ಲಿನ ಶಾಲೆಗಳಿಗೆ ಜುಲೈ, ಆಗಸ್ಟ್ ರಜೆ. ನಮ್ಮಲ್ಲಿ ಆಗ ಆಟಿ ತಿಂಗಳು, ಜಡಿಮಳೆ. ಹೊಸದಾಗಿ ಮದುವೆಯಾದ ಹೆಣ್ಣು ಆಟಿಯಲ್ಲಿ ತವರಿಗೆ ಬಂದು ಕೂರುವುದು ತುಳುನಾಡಿನ ಹಳೆಯ ಕ್ರಮ. ಈಗ ಆಟಿಗೆ ಬರುವವರಲ್ಲಿ ಜಾಸ್ತಿ ಗಲ್ಫಿನ ಮಕ್ಕಳು. ಕೊಡೆ ಬಿಡಿಸಲು ಬಾರದವರು.

ಈ ಪ್ರಕರಣ ಅಂಥ ಒಂದು ಮನೆಯದು. ಅವರ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ. ಹೆಸರು, ಊರು, ವಿಮಾನದ ಕಂಪನಿ ಯಾವುದೂ ಇಲ್ಲ. ವರ್ಷವನ್ನೂ ಬಿಟ್ಟಿದ್ದೇನೆ. ಗುರುತು ಸಿಗಬಾರದು ಎಂದು ಒಂದೆರಡು ಸಣ್ಣ ವಿವರ ಬದಲಾಯಿಸಿದ್ದೇನೆ. ಅದರಿಂದ ಕಥೆಗೆ ಏನೂ ಆಗುವುದಿಲ್ಲ.

ಮನೆಯವರು

ತಾಯಿ ಯುಎಇಯಲ್ಲಿ ನರ್ಸ್. ತಂದೆ ಅಲ್ಲೇ ಒಂದು ಗೋಡೌನಿನ ಲೆಕ್ಕ ನೋಡುವವರು. ದೊಡ್ಡವಳಿಗೆ ಏಳು ವರ್ಷ. ಸಣ್ಣವನಿಗೆ ಹೊರಡುವ ದಿನಕ್ಕೆ ಒಂದು ವರ್ಷ ಹನ್ನೊಂದು ತಿಂಗಳು. ಈ ಹನ್ನೊಂದು ತಿಂಗಳು ಎಂಬುದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಗಂಡನ ಮನೆ ಉಡುಪಿ ತಾಲೂಕಿನ ಒಂದು ಹಳ್ಳಿ. ಅಲ್ಲಿ ಅತ್ತೆ, ಮಾವ ಇಬ್ಬರೇ. ಕುಟುಂಬದ ನಾಗಬನ ಮನೆಯ ಹಿಂದೆಯೇ ಇದೆ. ನಾಗರ ಪಂಚಮಿಗೆ ಬನದಲ್ಲಿ ತಂಬಿಲ, ಎಂದರೆ ನಾಗನ ಪೂಜೆ, ಆಗುವಾಗ ಎಲ್ಲ ಕಡೆಯಿಂದ ಕುಟುಂಬದವರು ಬಂದು ಸೇರುತ್ತಾರೆ. ಸಣ್ಣವನನ್ನು ಕಳೆದ ಸಲ ಊರಿಗೆ ತಂದಾಗ ಅವನಿಗೆ ನಾಲ್ಕು ತಿಂಗಳು. ಆಮೇಲೆ ಅಜ್ಜಿ ಅವನನ್ನು ನೋಡಿದ್ದು ವೀಡಿಯೋ ಕಾಲಿನಲ್ಲಿ ಮಾತ್ರ. ದಿನಾ ಸಂಜೆ ಅಜ್ಜಿ ಫೋನು ಹಿಡಿದು "ಪುಳ್ಳೀ" (ಮೊಮ್ಮಗುವೇ) ಎನ್ನುವುದು, ಅವನು ಆ ಕಡೆಯಿಂದ ಪರದೆಗೆ ಮುತ್ತು ಕೊಡುವುದು. ಈ ಸಲ ಪಂಚಮಿಗೆ ಪುಳ್ಳಿ ಬರಲೇಬೇಕು ಎಂದು ಅಜ್ಜಿಯ ಹಟ.

ಟಿಕೆಟಿನ ಗೋಜಲು

ಮೊದಲು ನಾನು ಈ ಕಥೆಯಲ್ಲಿ ಇರಲೇ ಇಲ್ಲ. ತಂದೆ ಮೊಬೈಲಿನಲ್ಲೇ ಟಿಕೆಟ್ ಮಾಡಿದ್ದರು. ತಾಯಿಗೆ ಆಸ್ಪತ್ರೆಯವರು ವರ್ಷಕ್ಕೊಂದು ಟಿಕೆಟ್ ಕೊಡುತ್ತಾರೆ. ಹಾಗಾಗಿ ಅವರ ಟಿಕೆಟ್ ಬೇರೆ ಪಿಎನ್‌ಆರ್, ಎಂದರೆ ಬೇರೆ ಬುಕಿಂಗ್ ನಂಬರ್. ತಂದೆ ಮತ್ತು ಇಬ್ಬರು ಮಕ್ಕಳದ್ದು ಇನ್ನೊಂದು ಪಿಎನ್‌ಆರ್. ವಿಮಾನ ಒಂದೇ, ಸೀಟು ಹತ್ತಿರ ಕೇಳಿಕೊಂಡರಾಯಿತು ಎಂದು ಅವರ ಲೆಕ್ಕ. ಸಣ್ಣವನು ಇನ್‌ಫಂಟ್, ಎಂದರೆ ಸ್ವಂತ ಸೀಟಿಲ್ಲದ ಕೂಸು, ಅಪ್ಪನ ಮಡಿಲು.

ಹೊರಡಲು ಹದಿನೆಂಟು ದಿನ ಇರುವಾಗ ತಂದೆಯ ರಜೆ ರದ್ದಾಯಿತು. ಆಗ ಮಕ್ಕಳ ತಾಯಿಯಿಂದ ನನಗೆ ಫೋನು ಬಂತು.

"ಅಣ್ಣ, ಇವರ ಟಿಕೆಟ್ ಒಂದು ಕ್ಯಾನ್ಸಲ್ ಮಾಡಿ ಕೊಡ್ತೀರಾ? ನಾವು ಮೂವರು ಬರ್ತೇವೆ."

ಕೇಳಲು ಎಷ್ಟು ಸಣ್ಣ ಕೆಲಸ ಅಲ್ವಾ? ಆದರೆ ಕೂಸಿನ ಟಿಕೆಟ್‌ಗೆ ಸ್ವಂತ ಕಾಲಿಲ್ಲ. ಅದು ಯಾವ ದೊಡ್ಡವರ ಟಿಕೆಟ್‌ಗೆ ಕಟ್ಟಿದೆಯೋ ಅವರ ಜೊತೆಗೇ ಹೋಗುತ್ತದೆ. ಅಪ್ಪನ ಟಿಕೆಟ್ ರದ್ದಾದರೆ ಮಗನದ್ದೂ ಹೋಯಿತು. ಆ ಪಿಎನ್‌ಆರ್‌ನಲ್ಲಿ ಉಳಿಯುವುದು ಏಳು ವರ್ಷದ ಹುಡುಗಿ ಒಬ್ಬಳೇ. ಕಂಪ್ಯೂಟರಿಗೆ ಅವಳು ಒಂಟಿಯಾಗಿ ಹೋಗುವ ಮಗು. ಅಮ್ಮ ಅದೇ ವಿಮಾನದಲ್ಲಿದ್ದಾಳೆ ಎಂದು ಅದಕ್ಕೆ ಹೇಗೆ ಗೊತ್ತಾಗಬೇಕು? ಅಷ್ಟು ಮಾತ್ರ ಅಲ್ಲ, ನನ್ನ ಅಂಗಡಿಯಿಂದ ಆ ಟಿಕೆಟನ್ನು ಮುಟ್ಟಲಿಕ್ಕೇ ಆಗುವುದಿಲ್ಲ. ಟಿಕೆಟ್ ಯಾರು ಕೊಟ್ಟರೋ ಅವರೇ ಬಿಚ್ಚಬೇಕು. ತಂದೆ ಮೂರು ದಿನ ಕಸ್ಟಮರ್ ಕೇರಿನ ಸಂಗೀತ ಕೇಳಿದರು.

ಇದರ ನಡುವೆ ನಾನು ಸುಮ್ನೆ ಒಂದು ಪ್ರಶ್ನೆ ಕೇಳಿದೆ. ಸಣ್ಣವನ ಹುಟ್ಟಿದ ದಿನ ಯಾವಾಗ? ಆಗಸ್ಟ್ ಎರಡನೇ ವಾರ. ವಾಪಸ್ ಹೋಗುವುದು ಆಗಸ್ಟ್ ಕೊನೆಗೆ. ಎರಡು ವರ್ಷ ತುಂಬಿದ ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡು ಹೋಗಲು ಬಿಡುವುದಿಲ್ಲ. ಬರುವಾಗ ಇನ್‌ಫಂಟ್ ಆದವನು ಹೋಗುವಾಗ ಸೀಟಿನ ಗಿರಾಕಿ. ತಂದೆ ಎರಡೂ ಕಡೆಗೆ ಇನ್‌ಫಂಟ್ ಎಂದೇ ಮಾಡಿದ್ದರು. ಇದು ಗೊತ್ತಾಗದೇ ಹೋಗಿದ್ದರೆ ವಾಪಸ್ ಹೋಗುವ ರಾತ್ರಿ ಬಜ್ಪೆಯ, ಎಂದರೆ ಮಂಗಳೂರು ಏರ್‌ಪೋರ್ಟಿನ, ಕೌಂಟರಿನಲ್ಲಿ ಗೊತ್ತಾಗುತ್ತಿತ್ತು. ಆಗ ಸೀಟು ಖಾಲಿ ಇದ್ದರೆ ಪುಣ್ಯ.

ಈಗ ಎರಡು ದಾರಿ ಇತ್ತು. ಒಂದು, ಆಸ್ಪತ್ರೆಯ ಟಿಕೆಟ್ ಇಟ್ಟುಕೊಂಡು, ಅದಕ್ಕೆ ಸಣ್ಣವನನ್ನು ಸೇರಿಸಿ, ದೊಡ್ಡವಳ ಪಿಎನ್‌ಆರ್ ಅಮ್ಮನ ಜೊತೆ ಎಂದು ಕಂಪನಿಗೆ ಹೇಳಿ ನಮೂದಿಸುವುದು. ಆಗುವ ಕೆಲಸವೇ. ಆದರೆ ಆ ನಮೂದನ್ನು ಕೌಂಟರಿನವರು ನೋಡಬೇಕು, ನೋಡಿ ಒಪ್ಪಬೇಕು. ಇನ್ನೊಂದು, ಆ ಪುಕ್ಕಟೆ ಟಿಕೆಟನ್ನು ಬಿಟ್ಟು, ಮೂವರಿಗೂ ಹೊಸದಾಗಿ ಒಂದೇ ಪಿಎನ್‌ಆರ್ ಮಾಡುವುದು. ಸಣ್ಣವನಿಗೆ ವಾಪಸ್‌ಗೆ ಸೀಟು.

ನಾನು ಎರಡನೆಯದು ಎಂದೆ. ನನಗೆ ಅದರಲ್ಲಿ ಕಮಿಷನ್ ಇದೆ, ಅದನ್ನು ಅವರಿಗೂ ಹೇಳಿದೆ. ತಂದೆಗೆ ಸಿಟ್ಟು ಬಂತು. ಪುಕ್ಕಟೆ ಸಿಕ್ಕಿದ್ದನ್ನು ಯಾರು ಬಿಡುತ್ತಾರೆ? ಎರಡು ದಿನ ಗಂಡ ಹೆಂಡತಿ ಮಾತುಕತೆ ಆಯಿತು. ಕೊನೆಗೆ ತಾಯಿ ಹೇಳಿದ್ದು, "ಅಣ್ಣ, ಕೌಂಟರಿನಲ್ಲಿ ನಿಂತು ಎರಡು ಮಕ್ಕಳನ್ನು ಹಿಡ್ಕೊಂಡು ನಾನು ಯಾರಿಗೂ ಎಂತದ್ದೂ ವಿವರಿಸುದಿಲ್ಲ. ಹೊಸತು ಮಾಡಿ." ಇದು ಮೊದಲನೇ ದೊಡ್ಡ ತೀರ್ಮಾನ. ನಷ್ಟ ಆಯಿತು, ಸಣ್ಣ ನಷ್ಟ ಅಲ್ಲ. ಆದರೆ ಆಮೇಲೆ ಆದದ್ದನ್ನೆಲ್ಲ ನೋಡಿದರೆ, ಅವತ್ತು ರಾತ್ರಿ ಅವರಿಗೆ ತಲೆಬಿಸಿ ಇಲ್ಲದೆ ಕಳೆದದ್ದು ಚೆಕ್‌ಇನ್ ಕೌಂಟರ್ ಒಂದೇ. ಸೀಟಿನ ವಿಷಯಕ್ಕೂ ಇದು ಒಳ್ಳೆಯದಾಯಿತು. ಹನ್ನೆರಡು ವರ್ಷದವರೆಗಿನ ಮಕ್ಕಳಿಗೆ, ಒಂದೇ ಪಿಎನ್‌ಆರ್‌ನಲ್ಲಿರುವ ತಂದೆ ಅಥವಾ ತಾಯಿಯ ಪಕ್ಕ ಸೀಟು ಕೊಡಬೇಕು ಎಂದು ವಿಮಾನಯಾನದ ನಿಯಂತ್ರಕ ಸಂಸ್ಥೆ ಡಿಜಿಸಿಎ 2024ರ ಏಪ್ರಿಲ್‌ನಲ್ಲಿ ನಮ್ಮ ದೇಶದ ಕಂಪನಿಗಳಿಗೆ ಹೇಳಿದೆ. ಪಿಎನ್‌ಆರ್ ಬೇರೆ ಆದರೆ ಆ ಮಾತು ಕೈಗೆ ಸಿಗುವುದಿಲ್ಲ.

ಹೊಸ ಟಿಕೆಟ್ ಮಾಡುವಾಗ ದಿನವನ್ನೂ ಬದಲಾಯಿಸಿದೆ. ಮೊದಲಿನದು ಪಂಚಮಿಯ ಬೆಳಗ್ಗೆಯೇ ಬಂದಿಳಿಯುವ ವಿಮಾನ. ಇಳಿದು, ಸ್ನಾನ ಮಾಡಿ, ಬನಕ್ಕೆ. ನಾನು ಅದನ್ನು ಒಂದು ದಿನ ಮುಂಚಿನದಕ್ಕೆ ಬದಲಾಯಿಸಿದೆ. ಮಳೆಗಾಲದಲ್ಲಿ ಬಜ್ಪೆಯನ್ನು ನಂಬಿ ಪೂಜೆಯ ಹೊತ್ತು ಇಡಬಾರದು. ಮಧ್ಯಾಹ್ನದ ವಿಮಾನ ಸಿಕ್ಕಿದರೆ ನೋಡಿ ಎಂದೂ ಹೇಳಿದೆ. ದರ ಜಾಸ್ತಿ ಇತ್ತು. "ರಾತ್ರಿಯದ್ದೇ ಆಗಲಿ, ಮಕ್ಕಳು ಮಲಗ್ತಾರೆ" ಎಂದರು. ಎಲ್ಲರೂ ಹಾಗೇ ಹೇಳುತ್ತಾರೆ. ರಾತ್ರಿ ಹನ್ನೊಂದೂವರೆಯ ವಿಮಾನ ಎಂದರೆ ಎಂಟೂವರೆಗೆ ಏರ್‌ಪೋರ್ಟಿನಲ್ಲಿರಬೇಕು. ಮಗು ಮಲಗುವ ಹೊತ್ತು ಒಂಬತ್ತು. ಆ ಹೊತ್ತಿಗೆ ಅದು ಕಣ್ಣು ಕುಕ್ಕುವ ದೀಪದ ಕೆಳಗೆ ಟ್ರಾಲಿಯ ಮೇಲೆ ಕೂತಿರುತ್ತದೆ. ವಿಮಾನ ಏರುವಾಗ ನಿದ್ದೆಯ ಹೊತ್ತು ಕಳೆದು ರಗಳೆಯ ಹೊತ್ತು ಶುರುವಾಗಿರುತ್ತದೆ. ಇದನ್ನು ಹೇಳಿದೆ, ಗಟ್ಟಿಯಾಗಿ ಹೇಳಲಿಲ್ಲ. ಹೇಳಬೇಕಿತ್ತು.

ಡಾಕ್ಟರ ಮಾತು

ಹೊರಡುವ ವಾರ ಸಣ್ಣವನಿಗೆ ಶೀತ. ತಾಯಿ ನರ್ಸ್ ಆದ್ದರಿಂದ ಸುಮ್ಮನೆ ಕೂರಲಿಲ್ಲ, ಮಕ್ಕಳ ಡಾಕ್ಟರ ಹತ್ತಿರ ಕಿವಿ ತೋರಿಸಿದರು. ಕಿವಿಯ ಒಳಗೆ ಸೋಂಕಿಲ್ಲ, ಹೋಗಬಹುದು ಎಂದರು. ಗೆಳತಿಯೊಬ್ಬರು, ಶೀತದ ಸಿರಪ್ ಸ್ವಲ್ಪ ಜಾಸ್ತಿ ಕೊಟ್ಟರೆ ಮಗು ಊರು ಬರುವವರೆಗೆ ಮಲಗುತ್ತದೆ ಎಂದಿದ್ದರಂತೆ. ಡಾಕ್ಟರು ಅದು ಖಂಡಿತ ಬೇಡ ಎಂದರು. ಅಂಥ ಔಷಧ ಕೆಲವು ಮಕ್ಕಳಿಗೆ ಉಲ್ಟಾ ಹೊಡೆಯುತ್ತದೆ, ನಿದ್ದೆಯ ಬದಲು ಹುಚ್ಚು ಹುಮ್ಮಸ್ಸು ಬರುತ್ತದೆ.

ಮುಖ್ಯ ಮಾತು ಇಳಿಯುವ ಹೊತ್ತಿನದು. ವಿಮಾನದ ಒಳಗಿನ ಗಾಳಿಯ ಒತ್ತಡ ಸುಮಾರು ಆರರಿಂದ ಎಂಟು ಸಾವಿರ ಅಡಿ ಎತ್ತರದ ಬೆಟ್ಟದ ಮೇಲಿದ್ದ ಹಾಗೆ ಇರುತ್ತದೆ. ಇಳಿಯುವಾಗ ಒತ್ತಡ ಏರುತ್ತದೆ. ಕಿವಿಯ ಒಳಭಾಗದಿಂದ ಗಂಟಲಿಗೆ ಒಂದು ಸಣ್ಣ ನಾಳ ಇದೆ. ನುಂಗಿದಾಗ ಅದು ತೆರೆದು ಎರಡೂ ಕಡೆಯ ಒತ್ತಡ ಸಮ ಮಾಡುತ್ತದೆ. ಶೀತ ಇದ್ದರೆ ನಾಳ ಊದಿಕೊಂಡು ಬೇಗ ತೆರೆಯುವುದಿಲ್ಲ. ಮಲಗಿದ ಮಗು ನುಂಗುವುದೂ ಕಡಿಮೆ. ಅದಕ್ಕೆ ಏರುವಾಗಿನ ಚಿಂತೆ ಬಿಡಿ, ಇಳಿಯಲು ಶುರು ಮಾಡುವಾಗ, ಎಂದರೆ ನೆಲಕ್ಕೆ ಅರ್ಧ ಗಂಟೆ ಇರುವಾಗ, ಎಬ್ಬಿಸಿ ಹಾಲು ಕುಡಿಸಿ ಎಂದರು. ಇಳಿಯುವುದು ಗೊತ್ತಾಗುವುದು ಹೇಗೆ? ಎಂಜಿನಿನ ಶಬ್ದ ತಗ್ಗುತ್ತದೆ. ತಾಯಿ ಈ ಕೆಲಸವನ್ನು ದೊಡ್ಡವಳಿಗೆ ವಹಿಸಿದರು. "ಶಬ್ದ ಕಡಿಮೆ ಆದ್ರೆ ನನಗೆ ಹೇಳ್ಬೇಕು. ಅದು ನಿನ್ನ ಡ್ಯೂಟಿ." ಅವಳಿಗೆ ಖುಷಿಯೋ ಖುಷಿ.

ತಂದೆಯ ಒಂದು ಪತ್ರವನ್ನೂ ನಾನು ಬರೆಸಿದೆ. ಇಂಥ ದಿನ, ಇಂಥ ಪಾಸ್‌ಪೋರ್ಟಿನ ಇಬ್ಬರು ಮಕ್ಕಳು ತಾಯಿಯ ಜೊತೆ ಹೋಗಲು ನನ್ನ ಒಪ್ಪಿಗೆ ಇದೆ ಎಂದು. ತಾಯಿಯ ಪಾಸ್‌ಪೋರ್ಟಿನಲ್ಲಿ ಮದುವೆಗೆ ಮುಂಚಿನ ಹೆಸರು, ಮಕ್ಕಳಿಗೆ ತಂದೆಯ ಸರ್‌ನೇಮ್. ಯಾರೂ ಪತ್ರ ಕೇಳಲಿಲ್ಲ. ಕೇಳುವುದು ಅಪರೂಪವೇ. ಚೀಲದಲ್ಲಿ ಒಂದು ಕಾಗದದ ಭಾರ ಎಷ್ಟು?

ಆ ರಾತ್ರಿ

ನಾನು ಹೇಳಿದ ಹಾಗೆಯೇ ಸಣ್ಣವನು ರಗಳೆ ಮಾಡಿ, ವಿಮಾನ ಏರಿ ಒಂದು ಗಂಟೆಯಾದ ಮೇಲೆ ಮಲಗಿದ. ನಮ್ಮ ಗಡಿಯಾರದಲ್ಲಿ ಬೆಳಗಿನ ಜಾವ ಎರಡು. ಇಳಿಯಬೇಕಾದದ್ದು ನಾಲ್ಕೂವರೆಗೆ. ನಾಲ್ಕಕ್ಕೆ ದೊಡ್ಡವಳು ಎಚ್ಚರದಲ್ಲೇ ಇದ್ದಳು. "ಅಮ್ಮ, ಶಬ್ದ ಕಡಿಮೆ ಆಯ್ತು."

ಮಲಗಿದ ಮಗುವನ್ನು ಎಬ್ಬಿಸಲು ಯಾವ ತಾಯಿಗೂ ಮನಸ್ಸು ಬರುವುದಿಲ್ಲ. ಪಕ್ಕದವರೂ "ಮಲಗ್ಲಿ ಬಿಡಿ" ಎಂದರಂತೆ. ಇವರು ಎಬ್ಬಿಸಿದರು. ಕೈಯಲ್ಲಿ ಮಾಡಿಟ್ಟ ಬಾಟಲಿ ಇತ್ತು. ಕೈಚೀಲದಲ್ಲಿ ದ್ರವ 100 ಎಂಎಲ್ ಮೀರಬಾರದು ಎಂಬ ನಿಯಮ ಮಗುವಿನ ಹಾಲು, ಊಟಕ್ಕೆ ಹಿಡಿಯುವುದಿಲ್ಲ, ದಾರಿಗೆ ಬೇಕಾದಷ್ಟು ಒಯ್ಯಬಹುದು. ಅವನು ಅರ್ಧ ಕಣ್ಣು ಮುಚ್ಚಿಕೊಂಡೇ ಪೂರ್ತಿ ಕುಡಿದ. ಅಳಲಿಲ್ಲ. ಚಕ್ರ ಹೊರಗೆ ಬಂದ ಶಬ್ದವೂ ಕೇಳಿತು. ಕಿಟಕಿಯಲ್ಲಿ ಬರೀ ಬಿಳಿ. ಮತ್ತೆ ಎಂಜಿನ್ ಒಮ್ಮೆಲೇ ಗುಡುಗಿತು, ವಿಮಾನ ಮೂಗೆತ್ತಿ ಮೇಲಕ್ಕೆ ಹೋಯಿತು.

ಬಜ್ಪೆಯ ರನ್‌ವೇ ಗುಡ್ಡದ ತಲೆ ಕಡಿದು ಮಾಡಿದ್ದು. ಉದ್ದ 2,450 ಮೀಟರ್, ತುದಿಗಳಲ್ಲಿ ಕಣಿವೆ. ಮಳೆಗಾಲದಲ್ಲಿ ಮೋಡ ಆ ಗುಡ್ಡದ ಮೇಲೆಯೇ ಬಂದು ಕೂರುತ್ತದೆ. 2010ರ ಮೇ 22ರಂದು ಇಲ್ಲಿ ವಿಮಾನ ದುರಂತದಲ್ಲಿ 158 ಜನ ತೀರಿಹೋದರು. ನಮ್ಮ ಜಿಲ್ಲೆಗಳಲ್ಲಿ ಅದು ನೆನಪಿರುವವರು ಪೈಲಟ್ ವಾಪಸ್ ಮೇಲೇರಿದ ಎಂದು ಬೈಯುವುದಿಲ್ಲ. ವಿಮಾನದಲ್ಲೂ ಯಾರೂ ಮಾತಾಡಲಿಲ್ಲವಂತೆ. ಅರ್ಧ ಗಂಟೆ ಸುತ್ತು ಹಾಕಿದರು. ಮೋಡ ಹೋಗಲಿಲ್ಲ. ಬೆಂಗಳೂರಿಗೆ ಹೋಗುತ್ತೇವೆ ಎಂದರು.

ಈಗ ಎರಡನೇ ಸಲ ಇಳಿಯಬೇಕು. ಬಾಟಲಿ ಖಾಲಿ. ಹಾಲಿನ ಪುಡಿ ಇತ್ತು, ಫ್ಲಾಸ್ಕಿನಲ್ಲಿ ಬಿಸಿನೀರೂ ಇತ್ತು. ಎರಡೂ ತಲೆಯ ಮೇಲಿನ ಲಗೇಜ್ ಗೂಡಿನಲ್ಲಿ. ಬೆಲ್ಟಿನ ದೀಪ ಹತ್ತಿದ್ದು ಆರಿರಲೇ ಇಲ್ಲ, ಏಳುವ ಹಾಗಿಲ್ಲ. ನನ್ನ ಕಣ್ಣಿಗೆ ಇಡೀ ಪ್ರಕರಣ ಇಲ್ಲಿ ಕೂತಿದೆ. ಅವರು ಏನನ್ನೂ ಮರೆತಿರಲಿಲ್ಲ. ಎಲ್ಲ ತಂದಿದ್ದರು. ಆದರೆ ಎಲ್ಲವನ್ನೂ ಒಂದೇ ಸಲಕ್ಕೆ ಲೆಕ್ಕ ಹಾಕಿದ್ದರು. ವಿಮಾನ ಒಂದು ಸಲ ಏರುತ್ತದೆ, ಒಂದು ಸಲ ಇಳಿಯುತ್ತದೆ, ಒಂದು ಬಾಟಲಿ ಸಾಕು. ಇಷ್ಟು ವರ್ಷ ಗಿರಾಕಿಗಳಿಗೆ ಬುದ್ಧಿ ಹೇಳುವ ನನಗೂ ಅದು ಹೊಳೆದಿರಲಿಲ್ಲ.

ಸಣ್ಣವನು ಕಿವಿ ಹಿಡಿದುಕೊಂಡು ಕಿರುಚಲು ಶುರು ಮಾಡಿದ. ಅಳುವಿನಲ್ಲಿ ಎರಡು ಥರ ಇದೆ, ತಾಯಂದಿರಿಗೆ ಗೊತ್ತು. ಇದು ಹಟದ ಅಳು ಅಲ್ಲ. ಪಕ್ಕದ ಸೀಟಿನಲ್ಲಿ ಒಬ್ಬರು ಬ್ಯಾರಿ ಅಜ್ಜಿ ಇದ್ದರು. ಮೊದಲು "ಮಲಗ್ಲಿ ಬಿಡಿ" ಎಂದವರೂ ಅವರೇ. ಅವರು ವ್ಯಾನಿಟಿ ಬ್ಯಾಗಿನಿಂದ ಮೆತ್ತನೆಯ ಖರ್ಜೂರ ತೆಗೆದು, ಬೀಜ ಬಿಡಿಸಿ, ಉಗುರಿನಷ್ಟು ಉಗುರಿನಷ್ಟು ಕಿತ್ತು ಅವನ ಬಾಯಿಗೆ ಇಟ್ಟರು. ಮೊದಲನೆಯದನ್ನು ಉಗುಳಿದ. ಎರಡನೆಯದರ ಸಿಹಿ ನಾಲಗೆಗೆ ತಾಗಿತು. ಚೀಪಿದ, ನುಂಗಿದ, ಬಾಯಿ ತೆರೆದ. ಬೆಂಗಳೂರು ಮುಟ್ಟುವಾಗ ಆರು ಖರ್ಜೂರ ಮುಗಿದಿತ್ತು. ಅಳು ಪೂರ್ತಿ ನಿಂತಿರಲಿಲ್ಲ, ಆದರೆ ಕಿರುಚಾಟ ನಿಂತಿತ್ತು.

ಬೆಂಗಳೂರಿನಲ್ಲಿ

ಬೆಳಗ್ಗೆ ಆರು ಇಪ್ಪತ್ತಕ್ಕೆ ನನ್ನ ಫೋನು ಹೊಡೆದುಕೊಂಡಿತು. ಹಿಂದೆ ಮಗುವಿನ ಅಳು.

"ಅಣ್ಣ, ಬೆಂಗಳೂರಲ್ಲಿದ್ದೇವೆ. ಇಳಿಯುದಾ, ಕೂರುದಾ?"

ಗಂಡನ ಚಿಕ್ಕಪ್ಪ ಬೆಂಗಳೂರಿನಲ್ಲೇ ಇದ್ದಾರೆ, ಏರ್‌ಪೋರ್ಟಿಗೆ ಹತ್ತಿರ. ಇಳಿದು ಬಂದರೆ ಕಾರಿನಲ್ಲಿ ಕಳಿಸುತ್ತೇನೆ ಎಂದಿದ್ದರು. ಗಂಡನೂ ಅಲ್ಲಿಂದ "ಇಳಿ, ಇಳಿ" ಎನ್ನುತ್ತಿದ್ದರು. ಕೆಲವು ಪ್ರಯಾಣಿಕರು ಇಳಿಯುತ್ತೇವೆ ಎಂದು ಗಲಾಟೆಯೂ ಮಾಡುತ್ತಿದ್ದರು.

ನಾನು ಮೂರು ಪ್ರಶ್ನೆ ಕೇಳಿದೆ. ಡಯಾಪರ್ ಎಷ್ಟಿದೆ? ಐದು. ತಿನ್ನಲು ಏನಿದೆ? ಹಾಲಿನ ಪುಡಿ, ಬಿಸ್ಕಿಟ್, ಗಗನಸಖಿಯರು ಬಿಸಿನೀರು ಕೊಡುತ್ತಾರೆ. ಮಗುವಿನ ಕಿವಿ ಈಗ? ಕಡಿಮೆಯಾಗಿದೆ. ಹಾಗಾದರೆ ಕೂರಿ ಎಂದೆ. ಹೊರದೇಶದಿಂದ ಬಂದ ವಿಮಾನ, ಸುಮ್ನೆ ಬಾಗಿಲು ತೆಗೆದು ಇಳಿಸುವುದಿಲ್ಲ. ಇಳಿಸಿದರೂ ಇಮಿಗ್ರೇಷನ್ ಸಾಲು, ಮಂಗಳೂರಿಗೆ ಟ್ಯಾಗ್ ಹಾಕಿದ ಪೆಟ್ಟಿಗೆಗಳು ವಿಮಾನದ ಹೊಟ್ಟೆಯಲ್ಲೇ. ಆಮೇಲೆ ಸುಮಾರು 350 ಕಿಲೋಮೀಟರ್ ರಸ್ತೆ, ಅದೂ ಜುಲೈಯಲ್ಲಿ ಶಿರಾಡಿ ಘಾಟಿ. ಗುಡ್ಡ ಯಾವಾಗ ಜಾರುತ್ತದೋ ಯಾರಿಗೂ ಗೊತ್ತಿಲ್ಲ. ಒಂದು ಭಯ ನನಗೂ ಇತ್ತು. ಪೈಲಟ್‌ಗಳಿಗೆ ಡ್ಯೂಟಿಯ ಗಂಟೆ ಇಷ್ಟೇ ಎಂದು ಮಿತಿ ಇದೆ. ಅದು ಮುಗಿದರೆ ಹೊಸ ಪೈಲಟ್ ಬರುವವರೆಗೆ ವಿಮಾನ ಏಳುವುದಿಲ್ಲ. ಅದಕ್ಕೆ ಒಂಬತ್ತೂವರೆ ಎಂದು ಗಡಿ ಹಾಕಿಕೊಂಡೆವು. ಅಷ್ಟರೊಳಗೆ ಹೊರಡದಿದ್ದರೆ ಇಳಿಸಿ ಎಂದು ಕೇಳುವುದು. ಮೋಡಕ್ಕೆ ಯಾರೂ ಪರಿಹಾರ ಕೊಡುವುದಿಲ್ಲ ಎಂಬುದನ್ನೂ ಹೇಳಿಬಿಟ್ಟೆ, ಆ ಜಗಳಕ್ಕೆ ಶಕ್ತಿ ಖರ್ಚು ಮಾಡಬೇಡಿ ಎಂದು.

ಅವರು ಆ ಮೂರು ಗಂಟೆಯಲ್ಲಿ ಮಾಡಿದ ಇನ್ನೊಂದು ಕೆಲಸ ನನಗೆ ಮತ್ತೆ ಗೊತ್ತಾಯಿತು. ಬಾಟಲಿ, ಪುಡಿ, ಫ್ಲಾಸ್ಕ್, ಎರಡು ಡಯಾಪರ್, ಒಂದು ಜೊತೆ ಬಟ್ಟೆ ಇಷ್ಟನ್ನು ಮೇಲಿನಿಂದ ತೆಗೆದು ದೊಡ್ಡವಳ ಶಾಲೆಯ ಚೀಲಕ್ಕೆ ತುಂಬಿ, ಮುಂದಿನ ಸೀಟಿನ ಕೆಳಗೆ ಇಟ್ಟರು. ಚೀಲದಲ್ಲಿದ್ದ ಗೊಂಬೆ, ಬಣ್ಣದ ಪುಸ್ತಕ ಮೇಲಕ್ಕೆ ಹೋದವು. ದೊಡ್ಡವಳು ಅದಕ್ಕೆ ಅತ್ತಳು.

ಒಂಬತ್ತು ಇಪ್ಪತ್ತಕ್ಕೆ ವಿಮಾನ ಹೊರಟಿತು. ತಾಯಿಗೆ ಜೋಂಪು ಹತ್ತಿತ್ತು. ಮೂರನೇ ಸಲವೂ ದೊಡ್ಡವಳೇ ಎಬ್ಬಿಸಿದ್ದು. ಈ ಸಲ ಹಾಲು ಕೈಗೆಟಕುವಲ್ಲಿ ಇತ್ತು. ಹತ್ತೂ ಕಾಲಿಗೆ ಬಜ್ಪೆ.

ಮನೆಯ ಬಾಗಿಲಲ್ಲಿ

ವಿಮಾನದ ಕಥೆ ಇಲ್ಲಿಗೆ ಮುಗಿಯಿತು. ಕಷ್ಟದ ಕಥೆ ಮುಗಿಯಲಿಲ್ಲ.

ಒಬ್ಬರೇ ಬನ್ನಿ ಎಂದು ಹೇಳಿದ್ದರೂ ಏರ್‌ಪೋರ್ಟಿಗೆ ಬಂದದ್ದು ಆರು ಜನ, ಬೆಳಗಿನ ನಾಲ್ಕರಿಂದ ಕಾದವರು. ಪೆಟ್ಟಿಗೆ, ಜನ ಎಲ್ಲ ಒಂದೇ ಗಾಡಿಯಲ್ಲಿ. ಕಟೀಲು, ಕಿನ್ನಿಗೋಳಿ ದಾರಿಯ ತಿರುವುಗಳಲ್ಲಿ ಸಣ್ಣವನು ವಾಂತಿ ಮಾಡಿದ. ಮೂಲ್ಕಿಯಲ್ಲಿ ಹೆದ್ದಾರಿ ಸಿಗುವಾಗ ಬಟ್ಟೆ ಬದಲಾಯಿಸಿ ಆಗಿತ್ತು. ಮನೆ ಮುಟ್ಟುವಾಗ ಒಂದು ಗಂಟೆ. ಅಂಗಳದಲ್ಲಿ ಹನ್ನೊಂದು ಜನ ಎಂದು ತಾಯಿ ಎಣಿಸಿದ್ದಾರೆ. ಒಳಗೆ ಪತ್ರೊಡೆ ಬೆಂದ ವಾಸನೆ.

ಅಜ್ಜಿ ಓಡಿ ಬಂದು, ಕಾರಿನ ಬಾಗಿಲು ತೆಗೆದು, "ಬಾ ಪುಳ್ಳೀ" ಎಂದು ಎತ್ತಿಕೊಂಡರು. ಅವನು ಬೆದರಿ ಅಜ್ಜಿಯ ಕೆನ್ನೆ ಪರಚಿದ. ಅಳು ಕೇರಿಗೆಲ್ಲ ಕೇಳಿತು. ಫೋನಿನ ಅಜ್ಜಿ ಅಂಗೈಯಷ್ಟು ದೊಡ್ಡವರು, ಅವರಿಗೆ ವಾಸನೆ ಇಲ್ಲ, ಕೈ ಇಲ್ಲ. ಇವರು ಯಾರೋ ಬೇರೆ. ಅಜ್ಜಿಗೆ ಅದು ತಿಳಿಯಬೇಕಲ್ಲ? "ದಿನಾ ಮುತ್ತು ಕೊಡ್ತಿದ್ದ" ಎಂದು ಅವರ ಕಣ್ಣಲ್ಲಿ ನೀರು. ಬಂದವರೆಲ್ಲ ಒಬ್ಬೊಬ್ಬರಾಗಿ ಎತ್ತಿಕೊಳ್ಳಲು ನೋಡಿದರು.

ಸೊಸೆ ಮಗುವನ್ನು ತೆಗೆದುಕೊಂಡು, ದೊಡ್ಡವಳ ಕೈ ಹಿಡಿದು, ಒಳಕೋಣೆಗೆ ಹೋಗಿ ಚಿಲಕ ಹಾಕಿದರು. ಮೂವರೂ ನಾಲ್ಕು ಗಂಟೆಯವರೆಗೆ ಮಲಗಿದರು.

ಇದು ಸರಿಯಾ ತಪ್ಪಾ ಎಂದು ನಾನು ಅಂಗಡಿಯಲ್ಲಿ ಹಲವರ ಹತ್ತಿರ ಕೇಳಿದ್ದೇನೆ. ಗಂಡಸರು ಹೆಚ್ಚಾಗಿ ತಪ್ಪು ಎನ್ನುತ್ತಾರೆ. ಬಂದವಳೇ ಬಾಗಿಲು ಹಾಕಿದಳು ಎಂದು ಆ ದಿನ ಊಟಕ್ಕೆ ಕೂತವರೂ ಹೇಳಿದರು. ನನ್ನ ಮಟ್ಟಿಗೆ ಆ ಹೊತ್ತಿಗೆ ಬೇರೆ ದಾರಿ ಇರಲಿಲ್ಲ. ಆದರೆ ಒಂದು ವಾರ ಮೊದಲು ಇತ್ತು. ಬೆಂಗಳೂರಿನಿಂದ ಒಂದು ಫೋನು ಮಾಡುವಾಗಲೂ ಇತ್ತು. "ಅತ್ತೆ, ಬಂದ ಕೂಡಲೇ ಅವನನ್ನು ಎತ್ತಬೇಡಿ, ಸ್ವಲ್ಪ ಹೊತ್ತು ಬಿಡಿ" ಎಂದು ಹೇಳುವುದು. ತಾಯಿ ಅದನ್ನು ಒಪ್ಪುತ್ತಾರೆ. "ಹೇಳಿದ್ರೆ ಅತ್ತೆಗೆ ಬೇಜಾರಾಗ್ತದೆ ಅಂತ ಬಿಟ್ಟೆ ಅಣ್ಣ. ಹೇಳದೆ ಮತ್ತೂ ಬೇಜಾರಾಯ್ತು." ಮಾವ ಒಬ್ಬರು ಜಾಣತನ ಮಾಡಿದರು. ಯಾರಿಗೂ ಏನೂ ವಿವರಿಸಲಿಲ್ಲ. ಬಂದವರಿಗೆಲ್ಲ ಪತ್ರೊಡೆ ಕಟ್ಟಿಕೊಟ್ಟು, "ನಾಳೆ ಬನದಲ್ಲಿ ಸಿಗುವ" ಎಂದು ಕಳಿಸಿಕೊಟ್ಟರು.

ಮರುದಿನ ಪಂಚಮಿ. ತಂಬಿಲ ಎಂಟು ಗಂಟೆಗೆ. ಸಣ್ಣವನ ಹೊಟ್ಟೆಯ ಗಡಿಯಾರದಲ್ಲಿ ಅದು ಆರೂವರೆ, ಅವನು ಏಳಲಿಲ್ಲ. ತಾಯಿ ದೊಡ್ಡವಳ ಜೊತೆ ಬನಕ್ಕೆ ಹೊರಟರು. ಮಗುವಿನ ಹತ್ತಿರ ಯಾರು? ಅಜ್ಜಿ ಕಾಲು ನೋವು, ಬನದ ದಾರಿಯಲ್ಲಿ ಪಾಚಿ ಜಾರುತ್ತದೆ, ನೀವು ಹೋಗಿ ಎಂದರು. ಮದುವೆಯಾಗಿ ಬಂದ ಮೇಲೆ ಅವರು ತಂಬಿಲ ತಪ್ಪಿಸಿದ್ದು ಅದೇ ಮೊದಲಂತೆ. ಕಾಲು ನಿಜವಾಗಿ ನೋಯುತ್ತಿತ್ತಾ ಎಂದು ಯಾರೂ ಕೇಳಲಿಲ್ಲ.

ಅವನು ಎದ್ದು ನಡೆದುಕೊಂಡು ಅಡುಗೆಮನೆಗೆ ಬಂದಾಗ ಅಜ್ಜಿ ತುರಿಮಣೆಯ ಮೇಲೆ ಕೂತು ಕಾಯಿ ತುರಿಯುತ್ತಿದ್ದರು. ಪಂಚಮಿಗೆ ಅರಸಿನ ಎಲೆಯ ಕಡುಬು ಆಗಬೇಕು, ಅದಕ್ಕೆ ಬೆಲ್ಲ ಕಾಯಿ. ಅಜ್ಜಿ ನೋಡಿದರು, ಕರೆಯಲಿಲ್ಲ. ತುರಿಯುತ್ತಾ ಹೋದರು. ಅವನು ಬಾಗಿಲ ಹತ್ತಿರ ನಿಂತ. ಆಮೇಲೆ ಕಂಬದ ಹತ್ತಿರ. ಆಮೇಲೆ ತಟ್ಟೆಯ ಹತ್ತಿರ ಕುಕ್ಕರುಗಾಲಲ್ಲಿ ಕೂತು, ಬಿಳಿ ತುರಿಗೆ ಒಂದು ಬೆರಳು ಒತ್ತಿ ಬಾಯಿಗೆ ಹಾಕಿದ. ಅಜ್ಜಿ ಒಂದು ಚೂರು ಬೆಲ್ಲ ತಟ್ಟೆಯ ಅಂಚಿಗೆ ಇಟ್ಟು ಮತ್ತೆ ತುರಿಯತೊಡಗಿದರು. ಬನಕ್ಕೆ ಹೋದವರು ವಾಪಸ್ ಬರುವಾಗ ಅವನು ಅಜ್ಜಿಯ ಮೊಣಕಾಲಿಗೆ ಒರಗಿ ಕೂತಿದ್ದ. ಮುಖವೆಲ್ಲ ಕಾಯಿತುರಿ. ಇದನ್ನು ಅಜ್ಜಿ ಊರಿಡೀ ಹತ್ತು ಸಲ ಹೇಳಿಕೊಂಡು ಬಂದಿದ್ದಾರೆ. ಕರೆಯದೆ ಸುಮ್ಮನಿದ್ದೆ ಎನ್ನುವ ಭಾಗವನ್ನು ಮಾತ್ರ ಹೇಳುವುದಿಲ್ಲ. ನಾನು ಕೇಳಿದ್ದಕ್ಕೆ, "ಕೈ ಖಾಲಿ ಇರ್ಲಿಲ್ಲ ಮಗಾ, ಇದ್ದಿದ್ರೆ ಎತ್ತಿಕೊಳ್ತಿದ್ದೆ" ಎಂದರು.

ಅಂಗಡಿಯಲ್ಲಿ ಈಗ

ಇದಾದ ಮೇಲೆ ಮಕ್ಕಳಿರುವ ಟಿಕೆಟ್ ಬಂದರೆ ಮೊದಲು ಹುಟ್ಟಿದ ದಿನ ಕೇಳುತ್ತೇನೆ, ಆಮೇಲೆ ಊರು. ಅಪ್ಪ ಅಮ್ಮ ಬೇರೆ ಬೇರೆ ಪಿಎನ್‌ಆರ್ ಎಂದರೆ, ಕೂಸು ಯಾರ ಟಿಕೆಟಿಗೆ ಕಟ್ಟಿದೆ, ಅವರಿಗೆ ರಜೆ ಖಾತ್ರಿಯಾ ಎಂದು ಕೇಳುತ್ತೇನೆ. ಮಳೆಗಾಲದ್ದಾದರೆ ಎರಡು ಇಳಿತಕ್ಕೆ ಬೇಕಾದ ಹಾಲು, ಕಾಲಡಿಯ ಚೀಲದಲ್ಲಿ, ಎಂದು ಟಿಕೆಟಿನ ಹಿಂದೆ ಪೆನ್ನಿನಲ್ಲಿ ಬರೆದುಕೊಡುತ್ತೇನೆ. ರಾತ್ರಿ ವಿಮಾನ ಅಗ್ಗ ಎನ್ನುವವರಿಗೆ ಈಗ ಗಟ್ಟಿಯಾಗಿಯೇ ಹೇಳುತ್ತೇನೆ. ಅರ್ಧ ಜನ ಕೇಳುವುದಿಲ್ಲ. ಅಜ್ಜಿಯಂದಿರಿಗೆ ಏನು ಹೇಳಬೇಕು ಎಂದು ಮಾತ್ರ ನನಗೆ ಹೇಳಲಿಕ್ಕೆ ಆಗುವುದಿಲ್ಲ. ಅದು ನನ್ನ ಕೌಂಟರಿನ ಕೆಲಸ ಅಲ್ಲ.

ವಾಪಸ್

ಹೊರಡುವ ಹಿಂದಿನ ರಾತ್ರಿ ತಾಯಿ ಚಾಪೆ ಹಾಸಿ ಪೆಟ್ಟಿಗೆಯನ್ನೆಲ್ಲ ಸುರಿದರು. ಅಜ್ಜಿ ಎರಡು ದಿನದಿಂದ ಅದರಲ್ಲಿ ಕೈಯಾಡಿಸುತ್ತಿದ್ದದ್ದು ಅವರಿಗೆ ಗೊತ್ತಿತ್ತು. ಉಪ್ಪಿನಕಾಯಿ, ಹಪ್ಪಳ, ಕುಚ್ಚಲಕ್ಕಿ ಅಡ್ಡಿಯಿಲ್ಲ. ಕೊಬ್ಬರಿ ಹೊರಗೆ ಹೋಯಿತು. ಎಣ್ಣೆ ಜಾಸ್ತಿ ಇರುವುದರಿಂದ ಬೇಗ ಬೆಂಕಿ ಹತ್ತುವ ವಸ್ತುಗಳ ಸಾಲಿಗೆ ಅದನ್ನು ಸೇರಿಸಿದ್ದಾರೆ. ಮೆಂತೆ ಹಿಟ್ಟಿನ ಡಬ್ಬಿಯ ತಳದಲ್ಲಿ ಒಂದು ಸಣ್ಣ ಕಟ್ಟು ಸಿಕ್ಕಿತು. ಬಿಡಿಸಿದರೆ ಗಸಗಸೆ. ಪಾಯಸಕ್ಕೆ ಎಂದರು ಅಜ್ಜಿ. ನಮಗೆ ಅದು ಪಾಯಸ, ಯುಎಇಯಲ್ಲಿ ಅದು ಮಾದಕ ವಸ್ತುವಿನ ಕಾನೂನಿಗೆ ಬರುತ್ತದೆ. ಒಂದು ಹಿಡಿ ಸಿಕ್ಕಿದರೂ ಜೈಲಿನ ಮಾತು. ಇದನ್ನು ಕೇಳಿದ ಮೇಲೆ ಅಜ್ಜಿ ತಾವೇ ಇನ್ನೊಂದು ಕಟ್ಟು ತೆಗೆದುಕೊಟ್ಟರಂತೆ, ಹಪ್ಪಳದ ನಡುವಿನಿಂದ.

ಸಣ್ಣವನಿಗೆ ಎರಡು ತುಂಬಿತ್ತು. ಸ್ವಂತ ಸೀಟು, ಅದರ ಜೊತೆ ಸ್ವಂತ ಲಗೇಜ್. "ಪುಳ್ಳಿಗೂ ಬೇರೆ ಲಗೇಜ್ ಉಂಟಾ?" ಎಂದು ಅಜ್ಜಿ ನನಗೇ ಫೋನು ಮಾಡಿ ಕೇಳಿದರು. ಉಂಟು ಎಂದೆ. ಒಂದು ಗಂಟೆಯಲ್ಲಿ ಮತ್ತೊಂದು ಪೆಟ್ಟಿಗೆ ತುಂಬಿತು. ತುಂಬಿ ಉಳಿದ ಹಪ್ಪಳ ಕೈಚೀಲಕ್ಕೆ.

ವಿಮಾನದಲ್ಲಿ ಅವನು ತನ್ನ ಸೀಟಿನಲ್ಲಿ ಕೂತದ್ದು ಹತ್ತು ನಿಮಿಷ. ಮತ್ತೆ ಅಮ್ಮನ ಮಡಿಲಿಗೆ ಬಂದು ಮಲಗಿದ. ಅಷ್ಟು ದುಡ್ಡು ಕೊಟ್ಟ ಸೀಟಿನಲ್ಲಿ ದಾರಿಯುದ್ದಕ್ಕೂ ಕೂತದ್ದು ಹಪ್ಪಳದ ಚೀಲ. "ಅಮ್ಮ, ಶಬ್ದ ಕಡಿಮೆ ಆಯ್ತು" ಎಂದು ದೊಡ್ಡವಳು ಹೇಳಿದಾಗ ಹಪ್ಪಳ ಕಾಲಡಿಗೆ ಹೋಯಿತು, ಅವನನ್ನು ಸೀಟಿಗೆ ಹಾಕಿ ಬೆಲ್ಟ್ ಕಟ್ಟಿದರು, ಕೈಗೆ ಬಾಟಲಿ ಕೊಟ್ಟರು.